ಪರ್ಜನ್ಯನ ಮೇಲಣ ಅಪವಾದ

ಧಾನ್ಯದ ಬೆಲೆ ಏರಿತೆಂದರೆ ಲೋಕವು ಮೊದಲು ಆಕಾಶದ ಕಡೆಗೆ ಬೆರಳು ತೋರಿಸುತ್ತದೆ. ಗೋಧಿ ತುಟ್ಟಿಯಾಯಿತೆ? ರಷ್ಯಾದಲ್ಲಿ ಬಿಸಿಲು ಹೆಚ್ಚಿತು. ಕಾಫಿ ತುಟ್ಟಿಯಾಯಿತೆ? ಬ್ರೆಜಿಲಿನಲ್ಲಿ ಹಿಮ ಬಿದ್ದಿತು. ಅಕ್ಕಿ ತುಟ್ಟಿಯಾಯಿತೆ? ಶಾಂತಸಾಗರದ ನೀರು ಕಾದಿತು. ವರ್ತಮಾನಪತ್ರಿಕೆಗಳ ವ್ಯಾಪಾರದ ಪುಟದಲ್ಲಿ ಈ ಬಗೆಯ ವಾಕ್ಯವಿಲ್ಲದ ದಿನವೇ ಅಪರೂಪವಾಗಿದೆ. ಆರೋಪಿಯು ಬಾಯಿಲ್ಲದವನಾದುದರಿಂದ ವಿಚಾರಣೆಯು ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಪರ್ಜನ್ಯನು ವಕೀಲನನ್ನು ನೇಮಿಸಿಕೊಳ್ಳುವವನಲ್ಲ. ಪತ್ರಿಕೆಗೆ ಉತ್ತರ ಬರೆಯುವವನೂ ಅಲ್ಲ. ಅವನಿಗೆ ಶಿಕ್ಷೆಯನ್ನು ವಿಧಿಸುವುದು ಯಾರಿಂದಲೂ ಸಾಧ್ಯವಿಲ್ಲವಾದ ಕಾರಣ, ಅಪರಾಧವು ಸಿದ್ಧವಾದ ಮೇಲೂ ಯಾರಿಗೂ ಏನೂ ನಷ್ಟವಿಲ್ಲ. ನಷ್ಟವೆಲ್ಲವೂ ಬೆಳೆದವನಿಗೆ ಮತ್ತು ಕೊಂಡು ಉಣ್ಣುವವನಿಗೆ ಮಾತ್ರ.

ಈ ಅಪವಾದವನ್ನು ಪರೀಕ್ಷಿಸುವ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳುವುದು ನ್ಯಾಯ. ಎದುರಾಳಿಯನ್ನು ಬಡಕಲು ಮಾಡಿ ಕೆಡಹುವುದು ವಿದ್ವತ್ಸಭೆಯಲ್ಲಿ ಲಜ್ಜಾಸ್ಪದವಷ್ಟೆ. ಅವರ ವಾದವು ಹೀಗಿದೆ: ಬೆಳೆಯು ಮಳೆ ಬಿಸಿಲು ಶೀತಗಳಿಗೆ ಅಧೀನ, ಬೆಳೆ ಕೆಟ್ಟರೆ ಸರಕು ಕೊರತೆಯಾಗುತ್ತದೆ, ಕೊರತೆಯಾದರೆ ಬೆಲೆ ಏರುತ್ತದೆ, ಪೇಟೆಯು ಈ ಏರಿಳಿತವನ್ನು ತೋರಿಸುವ ಕನ್ನಡಿಯೇ ಹೊರತು ಅದನ್ನು ಉಂಟುಮಾಡುವುದಲ್ಲ. ಕನ್ನಡಿಯಲ್ಲಿ ಮುಖವು ಸೊಟ್ಟಗೆ ಕಂಡರೆ ಕನ್ನಡಿಯನ್ನು ಒಡೆಯುವುದು ಮೂರ್ಖತನ. ಅಷ್ಟೇ ಅಲ್ಲ, ಬೆಲೆ ಏರಿದ್ದರಿಂದಲೇ ಜನರು ಮಿತವಾಗಿ ಬಳಸುತ್ತಾರೆ, ದೂರದ ದೇಶದಿಂದ ಧಾನ್ಯವು ಹರಿದುಬರುತ್ತದೆ, ಮುಂದಿನ ವರ್ಷ ಹೆಚ್ಚು ಬಿತ್ತನೆಯಾಗುತ್ತದೆ. ಆದಕಾರಣ ಬೆಲೆಯ ಏರಿಕೆಯು ರೋಗವಲ್ಲ, ಔಷಧ.

ಈ ವಾದವು ಹೊಸದಲ್ಲ. ಇದನ್ನು ಸೂರ್ಯಮಂಡಲದವರೆಗೂ ಏರಿಸಿದ ಒಬ್ಬ ಪಂಡಿತನು ಇಂಗ್ಲೆಂಡಿನಲ್ಲಿದ್ದನು. ವಿಲಿಯಂ ಸ್ಟ್ಯಾನ್ಲಿ ಜೆವನ್ಸನು ಅರ್ಥಶಾಸ್ತ್ರದಲ್ಲಿ ನಿಜವಾಗಿಯೂ ದೊಡ್ಡ ಹೆಸರು. ೧೮೭೦ರ ದಶಕದಲ್ಲಿ ಅವನು ಪ್ರತಿಪಾದಿಸಿದುದೇನೆಂದರೆ: ಸೂರ್ಯಬಿಂಬದಲ್ಲಿ ಕಾಣುವ ಕಲೆಗಳು ಕಾಲಕ್ರಮದಲ್ಲಿ ಹೆಚ್ಚಿ ಕುಗ್ಗುತ್ತವೆ, ಅದರಿಂದ ಭಾರತದ ಮಳೆಬೆಳೆಗಳು ಏರಿಳಿಯುತ್ತವೆ, ಭಾರತದ ರೈತನು ಬಡವನಾದಾಗ ಇಂಗ್ಲೆಂಡಿನ ಬಟ್ಟೆಯನ್ನು ಕೊಳ್ಳಲಾರನು, ಆದುದರಿಂದ ಇಂಗ್ಲೆಂಡಿನ ವ್ಯಾಪಾರವು ಸುಮಾರು ಹತ್ತೂವರೆ ವರ್ಷಕ್ಕೊಮ್ಮೆ ಮುಗ್ಗರಿಸುತ್ತದೆ. ಸರಪಳಿಯು ಮನೋಹರವಾಗಿತ್ತು. ದುರದೃಷ್ಟವಶಾತ್ ಸೂರ್ಯನ ಕಲೆಗಳ ಆವರ್ತವು ಹತ್ತೂವರೆ ವರ್ಷವಲ್ಲ, ಸುಮಾರು ಹನ್ನೊಂದು ವರ್ಷವೆಂದು ಖಗೋಲಶಾಸ್ತ್ರಜ್ಞರು ತೋರಿಸಿದಾಗ ಅದು ಕಳಚಿಬಿದ್ದಿತು. ಈಗ ಅದನ್ನು ಪಂಡಿತರ ವಿನೋದವೆಂದು ನೆನೆಯುತ್ತಾರೆ. ಆದರೆ ಬ್ಯಾಂಕುಗಳ ದುರಾಶೆಯಿಂದ ಆದ ಕೆಡುಕಿಗೆ ಸೂರ್ಯನನ್ನು ಹೊಣೆ ಮಾಡುವ ಆ ಮನೋವೃತ್ತಿಯು ಮಾತ್ರ ಇಂದಿಗೂ ಆರೋಗ್ಯವಾಗಿಯೇ ಇದೆ.

ಮಳೆಗೂ ಬೆಳೆಗೂ ಸಂಬಂಧವಿಲ್ಲವೆಂದು ಯಾರೂ ವಾದಿಸುತ್ತಿಲ್ಲ. ಚಿಕ್ಕಮಗಳೂರು ಕೊಡಗುಗಳ ಕಾಫಿಯ ತೋಟಗಳಲ್ಲಿ ಫಾಲ್ಗುಣ ಚೈತ್ರಗಳಲ್ಲಿ ಬರುವ ಹೂಮಳೆಯು ಒಂದು ಅಂಗುಲ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲವೂ ಬೆಳ್ಳಗೆ ಅರಳುತ್ತದೆ. ಅದಾದ ಕೆಲವು ವಾರಗಳಲ್ಲಿ ಎರಡನೆಯ ಮಳೆಯು ಬಾರದಿದ್ದರೆ ಆ ಹೂವು ಕಾಯಿಗಟ್ಟದೆ ಒಣಗುತ್ತದೆ. ವರ್ಷದ ಆದಾಯವು ಎರಡು ಮಳೆಗಳ ನಡುವೆ ತೂಗಾಡುತ್ತಿರುವುದನ್ನು ಅಲ್ಲಿಯ ಮಕ್ಕಳೂ ಬಲ್ಲರು. ೨೦೧೦ರಲ್ಲಿ ರಷ್ಯಾದೇಶವು ಬೇಗೆಯಿಂದ ಬೆಂದು, ಹಿಂದಿನ ವರ್ಷ ೯೭೦ ಲಕ್ಷ ಟನ್ನುಗಳಷ್ಟಿದ್ದ ಅದರ ಧಾನ್ಯದ ಬೆಳೆಯು ೬೧೦ ಲಕ್ಷ ಟನ್ನುಗಳಿಗೆ ಇಳಿಯಿತು, ಇದು ಸುಳ್ಳಲ್ಲ. ವಿವಾದವಿರುವುದು ಮುಂದಿನ ಹೆಜ್ಜೆಯಲ್ಲಿ. ಬೆಳೆಯು ಕೆಟ್ಟುದು ಆಕಾಶದಿಂದಲೇ ಆಗಿರಲಿ. ಬೆಲೆಯೂ ಆಕಾಶದಿಂದಲೇ ಬಿದ್ದಿತೆ?

ಕಾರ್ಯಕಾರಣಭಾವವನ್ನು ಸಾಧಿಸಬೇಕಾದರೆ ಅನ್ವಯ ವ್ಯತಿರೇಕಗಳೆರಡೂ ಬೇಕೆಂದು ತರ್ಕದ ಮೊದಲ ಪಾಠದಲ್ಲಿಯೇ ಹೇಳುತ್ತಾರೆ. ಕಾರಣವಿದ್ದಲ್ಲಿ ಕಾರ್ಯವು ಇರಬೇಕು. ಕಾರಣವಿಲ್ಲದಲ್ಲಿ ಕಾರ್ಯವೂ ಇರಬಾರದು. ಹವೆಯೇ ಬೆಲೆಯ ಕಾರಣವೆನ್ನುವವರ ಮಾತನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಮೊದಲು, ಅವರಿಗೇ ಅತ್ಯಂತ ಪ್ರಿಯವಾದ ಉದಾಹರಣೆ. ೧೯೭೫ರ ಜುಲೈ ೧೭–೧೮ರ ಸುಮಾರಿಗೆ ಬ್ರೆಜಿಲಿನ ಪರಾನಾ ಪ್ರಾಂತದಲ್ಲಿ ನೀರು ಹೆಪ್ಪುಗಟ್ಟುವ ಶೀತವು ಕವಿಯಿತು. ಕೋಟ್ಯಂತರ ಕಾಫಿಯ ಗಿಡಗಳು ಎಲೆಯಿಂದ ಬುಡದವರೆಗೆ ಸುಟ್ಟಂತೆ ಕಪ್ಪಾದವು. ಆ ನಾಡಿನವರು ಅದನ್ನು ಕರಿಯ ಹಿಮವೆಂದೇ ಕರೆದರು. ಮರುವರ್ಷ ಪರಾನಾದಲ್ಲಿ ಕಾಫಿಯ ಕೊಯ್ಲು ಎಂಬುದೇ ಇಲ್ಲವಾಯಿತು. ಅದಕ್ಕೆ ಮೊದಲು ಒಂದು ಡಾಲರಿಗಿಂತ ಬಹಳ ಕೆಳಗಿದ್ದ ಒಂದು ಪೌಂಡು ಕಾಫಿಯ ಬೆಲೆಯು ೧೯೭೭ರ ವಸಂತದ ವೇಳೆಗೆ ನ್ಯೂಯಾರ್ಕಿನಲ್ಲಿ ಮೂರು ಡಾಲರುಗಳನ್ನು ದಾಟಿತು. ಇದಕ್ಕಿಂತ ಸ್ಪಷ್ಟವಾದ ಅನ್ವಯವು ಬೇಕೆ ಎಂದು ಪೂರ್ವಪಕ್ಷಿಯು ಕೇಳುತ್ತಾನೆ.

ಸ್ಪಷ್ಟವೇ, ಆದರೆ ತಿಥಿಗಳನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ಹಿಮವು ಬಿದ್ದಾಗ ಆ ವರ್ಷದ ಕೊಯ್ಲಿನ ಬಹುಭಾಗವು ಮುಗಿದಿತ್ತು. ಹಿಮವು ತಿಂದುದು ಗಿಡದಲ್ಲಿ ಇನ್ನೂ ಹೂವಾಗಿಯೂ ಕಾಣಿಸಿಕೊಳ್ಳದಿದ್ದ ಮರುವರ್ಷದ ಬೆಳೆಯನ್ನು. ಹೀಗಿರಲು, ಸುದ್ದಿಯು ತಂತಿಯ ಮೇಲೆ ಓಡಿದ ವಾರದಲ್ಲಿಯೇ ಏರಿದ ಬೆಲೆಯು ಯಾವ ಕಾಫಿಯ ಬೆಲೆ? ಹಡಗಿನಲ್ಲಿದ್ದ, ಉಗ್ರಾಣದಲ್ಲಿದ್ದ, ಅಂಗಡಿಯ ಡಬ್ಬಿಯಲ್ಲಿದ್ದ, ಹಳೆಯ ಬೆಲೆಗೆ ಕೊಂಡುಬಂದಿದ್ದ ಕಾಫಿಯ ಬೆಲೆ. ಆ ಕಾಫಿಯನ್ನು ಬೆಳೆದವನು ತನ್ನ ಹಣವನ್ನು ಎಣಿಸಿಕೊಂಡು ಮನೆಗೆ ಹೋಗಿ ತಿಂಗಳುಗಳಾಗಿದ್ದವು. ಹಿಮದಿಂದ ಗಿಡವನ್ನು ಕಳೆದುಕೊಂಡವನಿಗಾದರೋ ಮಾರುವುದಕ್ಕೆ ಕಾಫಿಯೇ ಇರಲಿಲ್ಲ. ಹೊಸ ಗಿಡವು ಫಲಕ್ಕೆ ಬರುವುದಕ್ಕೆ ಮೂರು ನಾಲ್ಕು ವರ್ಷ ಬೇಕು. ನಡುವೆ ಇದ್ದ ದಾಸ್ತಾನುಗಾರನಿಗೆ ಮಾತ್ರ ಆ ಶೀತವು ಬೆಚ್ಚಗಿತ್ತು. ಅಷ್ಟರ ಮೇಲೂ ಆ ಏರಿಕೆಯೆಲ್ಲವೂ ಹಿಮದ ಲೆಕ್ಕಕ್ಕೆ ಸೇರತಕ್ಕದ್ದಲ್ಲ. ಅದೇ ೧೯೭೫ರಲ್ಲಿ ಅಂಗೋಲಾದೇಶದಲ್ಲಿ ಅಂತರ್ಯುದ್ಧವು ಹೊತ್ತಿ ಅಲ್ಲಿಯ ಕಾಫಿಯು ನಿಂತಿತು. ಬ್ರೆಜಿಲಿನ ಸರ್ಕಾರವೂ ತನ್ನ ರಫ್ತಿನ ಮೇಲೆ ತೆರಿಗೆಯನ್ನು ಏರಿಸಿತು. ಯುದ್ಧವೂ ತೆರಿಗೆಯೂ ಯಾವ ಮೋಡದಿಂದ ಸುರಿಯುತ್ತವೆ?

ಇನ್ನು ಎರಡನೆಯದು: ಕಾರಣವಿದ್ದರೂ ಕಾರ್ಯವು ಕಾಣದಿರುವುದು. ಇದಕ್ಕೆ ದೃಷ್ಟಾಂತವನ್ನು ಹುಡುಕಲು ಸಮುದ್ರ ದಾಟಬೇಕಾಗಿಲ್ಲ. ೨೦೧೮ರ ಆಗಸ್ಟಿನಲ್ಲಿ, ಆಶ್ಲೇಷಾ ಮುಗಿದು ಮಘಾ ಹುಟ್ಟುವ ದಿನಗಳಲ್ಲಿ, ಕೊಡಗಿನ ಮೇಲೆ ಆಕಾಶವೇ ಕಳಚಿಬಿದ್ದಿತು. ಮಡಿಕೇರಿಯ ಸುತ್ತಣ ಬೆಟ್ಟಗಳು ಜಾರಿದವು. ಮನೆ ತೋಟ ದಾರಿಗಳು ಮಣ್ಣಿನೊಡನೆ ಹರಿದವು. ಜನರು ಪ್ರಾಣ ಕಳೆದುಕೊಂಡರು. ನಿಂತ ತೋಟಗಳಲ್ಲಿಯೂ ಕಾಯಿಯು ಕೊಳೆತು ಉದುರಿತು. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದು. ಅದರಲ್ಲಿಯೂ ಹಿರಿಯ ಪಾಲು ಕೊಡಗಿನದು. ಹವೆಯೇ ಬೆಲೆಯನ್ನು ಮಾಡುವುದಾದರೆ ಆ ವರ್ಷ ಕೊಡಗಿನ ಬೆಳೆಗಾರನಿಗೆ ಉಳಿದ ಒಂದು ಚೀಲಕ್ಕಾದರೂ ಎರಡು ಚೀಲದ ಬೆಲೆ ಬರಬೇಕಾಗಿತ್ತು. ಬಂದುದೇನು? ಅದೇ ಆಗಸ್ಟ್ ಸೆಪ್ಟೆಂಬರುಗಳಲ್ಲಿ ನ್ಯೂಯಾರ್ಕಿನ ಪೇಟೆಯಲ್ಲಿ ಅರೇಬಿಕಾ ಕಾಫಿಯು ಪೌಂಡಿಗೆ ಒಂದು ಡಾಲರಿಗಿಂತಲೂ ಕೆಳಗೆ ಇಳಿಯಿತು. ಹತ್ತು ವರ್ಷಗಳಿಂದ ಕಾಣದ ಇಳಿತ. ಏಕೆಂದರೆ ಬ್ರೆಜಿಲಿನಲ್ಲಿ ಆ ವರ್ಷ ಬೆಳೆಯು ಹುಲುಸಾಗಿತ್ತು, ಆ ದೇಶದ ನಾಣ್ಯವೂ ಕುಸಿದಿತ್ತು. ಲೋಕದ ಕಾಫಿಯಲ್ಲಿ ಭಾರತದ ಪಾಲು ನೂರಕ್ಕೆ ಮೂರೋ ನಾಲ್ಕೋ ಅಷ್ಟೆ. ಮಳೆಯು ಒಬ್ಬನ ತಲೆಯ ಮೇಲೆ ಬಿದ್ದಿತು, ಬೆಲೆಯನ್ನು ಮತ್ತೊಬ್ಬನ ಆಕಾಶವು ನಿಶ್ಚಯಿಸಿತು. ಪೇಟೆಯು ಕನ್ನಡಿಯೆಂದು ಹೇಳುವವರು ಈ ಕನ್ನಡಿಯಲ್ಲಿ ಕೊಡಗಿನ ಮುಖವನ್ನು ತೋರಿಸಿಕೊಡಬೇಕು.

ಬ್ರೆಜಿಲಿನ ಆಕಾಶವೂ ಆಕಾಶವೇ ಅಲ್ಲವೆ ಎಂಬ ಪ್ರಶ್ನೆಗೆ ೨೦೦೧ನೆಯ ವರ್ಷವು ಉತ್ತರ ಹೇಳುತ್ತದೆ. ಆಗ ಕಾಫಿಯ ಬೆಲೆಯು ಪೌಂಡಿಗೆ ಐವತ್ತು ಸೆಂಟುಗಳಿಗಿಂತಲೂ ಕೆಳಗೆ ಹೋಯಿತು. ಹಣದ ಬೆಲೆಯ ಇಳಿತವನ್ನು ಲೆಕ್ಕಕ್ಕೆ ತಂದರೆ ನೂರು ವರ್ಷಗಳಲ್ಲಿ ಇಲ್ಲದಷ್ಟು ಅಗ್ಗ. ತೋಟದ ಸಾಲ ಮಾಡಿದವರಿಗೆ ಮಲೆನಾಡಿನಲ್ಲಿ ಆ ದಿನಗಳು ಇನ್ನೂ ಮರೆತಿಲ್ಲ. ಇದನ್ನು ಮಾಡಿದುದು ಮಳೆಯಲ್ಲ. ಕಾಫಿ ಬೆಳೆಯುವ ದೇಶಗಳೂ ಕುಡಿಯುವ ದೇಶಗಳೂ ಸೇರಿ ಯಾರು ಎಷ್ಟು ಮಾರಬೇಕೆಂದು ಮಾಡಿಕೊಂಡಿದ್ದ ಒಪ್ಪಂದವು ೧೯೮೯ರ ಜುಲೈ ತಿಂಗಳಲ್ಲಿ ಮುರಿದುಬಿದ್ದಿತು. ಆ ಬಳಿಕ ವಿಯೆಟ್ನಾಮಿನ ಹೊಸ ತೋಟಗಳಿಂದ ಕಾಫಿಯು ಪ್ರವಾಹವಾಗಿ ಬಂದಿತು. ಕಾಗದದ ಮೇಲೆ ಹಾಕಿದ ಸಹಿಯು ಅಳಿಸಿದುದರಿಂದ ಹುಟ್ಟಿದ ಈ ಬರಗಾಲಕ್ಕೆ ಯಾವ ಪಂಚಾಂಗದಲ್ಲಿಯೂ ಫಲ ಬರೆದಿರಲಿಲ್ಲ.

ಮೂರನೆಯದು ಇದಕ್ಕೂ ವಿಚಿತ್ರ: ಕಾರಣವಿಲ್ಲದೆಯೇ ಕಾರ್ಯ. ೨೦೦೭ರಲ್ಲಿ ಲೋಕದ ಭತ್ತದ ಬೆಳೆಯು ಅದುವರೆಗಿನ ಎಲ್ಲ ವರ್ಷಗಳಿಗಿಂತ ಹೆಚ್ಚಾಗಿತ್ತು. ಆದರೂ ೨೦೦೭ರಲ್ಲಿ ಟನ್ನಿಗೆ ಮುನ್ನೂರು ಚಿಲ್ಲರೆ ಡಾಲರು ಇದ್ದ ಥಾಯ್ಲೆಂಡಿನ ಅಕ್ಕಿಯು ೨೦೦೮ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಸಾವಿರ ಡಾಲರನ್ನು ಮುಟ್ಟಿತು. ಗೋಧಿಯ ಬೆಲೆ ಏರಿದುದನ್ನು ಕಂಡು ಭಾರತ ಸರ್ಕಾರವು ೨೦೦೭ರ ಅಕ್ಟೋಬರಿನಲ್ಲಿ ಸಾಮಾನ್ಯ ಅಕ್ಕಿಯ ರಫ್ತನ್ನು ತಡೆಹಿಡಿಯಿತು. ಅದನ್ನು ಕಂಡು ವಿಯೆಟ್ನಾಂ ತಡೆಹಿಡಿಯಿತು. ಇವರಿಬ್ಬರನ್ನು ಕಂಡು ಫಿಲಿಪ್ಪೀನ್ಸ್ ದೇಶವು ಗಾಬರಿಯಿಂದ ಎಷ್ಟು ಬೆಲೆಗಾದರೂ ಕೊಳ್ಳಲು ಹೊರಟಿತು. ಇವರೆಲ್ಲರನ್ನು ಕಂಡು ಏಷ್ಯಾದ ಮನೆಮನೆಯವರೂ ಒಂದೊಂದು ಮೂಟೆಯನ್ನು ಹೆಚ್ಚಾಗಿ ತಂದಿಟ್ಟುಕೊಂಡರು. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟೆಂಬ ಗಾದೆಗೆ ಇದಕ್ಕಿಂತ ವಿಸ್ತಾರವಾದ ಭಾಷ್ಯವು ದೊರೆಯದು. ಇದು ಇಳಿದ ಬಗೆಯೂ ಕೇಳತಕ್ಕದ್ದು. ಜಪಾನು ದೇಶವು ತನ್ನ ಉಗ್ರಾಣದಲ್ಲಿದ್ದ ಆಮದಿನ ಅಕ್ಕಿಯನ್ನು ಹೊರಗೆ ಬಿಡುವುದೆಂಬ ಮಾತು ಮೇ ತಿಂಗಳಲ್ಲಿ ಹರಡಿತು. ಆ ಮಾತೇ ಸಾಕಾಯಿತು. ಅಕ್ಕಿಯು ಹಡಗು ಹತ್ತುವ ಮೊದಲೇ ಬೆಲೆಯು ಇಳಿಯತೊಡಗಿತು. ಮಾತಿನಿಂದ ಏರಿ ಮಾತಿನಿಂದ ಇಳಿದ ಬೆಲೆಗೆ ಮಳೆಯು ಹೇಗೆ ಹೊಣೆ?

ರಷ್ಯಾದ ೨೦೧೦ರ ಬೇಗೆಯಲ್ಲಿಯೂ ಹೀಗೆಯೇ. ಬೆಳೆ ಸುಟ್ಟುದು ನಿಜ. ಆದರೆ ಆಗಸ್ಟ್ ೫ರಂದು ಗೋಧಿಯ ರಫ್ತನ್ನು ನಿಲ್ಲಿಸುವುದಾಗಿ ಆ ಸರ್ಕಾರವು ಸಾರಿದಾಗಲೇ ಪೇಟೆಯು ಹುಚ್ಚೆದ್ದುದು. ಲೋಕದ ಗೋಧಿಯ ದಾಸ್ತಾನು ಆಗ ಎರಡು ಮೂರು ವರ್ಷಗಳ ಹಿಂದಿನ ಸಂಕಟಕಾಲಕ್ಕಿಂತ ಹೆಚ್ಚಾಗಿಯೇ ಇತ್ತು. ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಆಫ್ರಿಕದ ಮೊಜಾಂಬಿಕ್ ದೇಶದ ರಾಜಧಾನಿಯಾದ ಮಾಪುಟೋದಲ್ಲಿ ರೊಟ್ಟಿಯ ಬೆಲೆಗಾಗಿ ಜನರು ಬೀದಿಗೆ ಇಳಿದು ಹಲವರು ಗುಂಡಿಗೆ ಬಲಿಯಾದರು. ಅವರು ಸತ್ತುದು ಬಿಸಿಲಿನಿಂದಲ್ಲ.

ಪೂರ್ವಪಕ್ಷದವರು ಔಷಧವೆಂದು ಕರೆಯುವ ಬೆಲೆಯೇರಿಕೆಯು ರೋಗಿಯನ್ನು ಏನು ಮಾಡಿತೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಸಾಕ್ಷ್ಯವುಂಟು. ಹಳೆಯ ಮನೆತನಗಳಲ್ಲಿ ಧಾತು ಈಶ್ವರದ ಬರವೆಂಬ ಮಾತು ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ೧೮೭೬–೭೮ರ ಆ ಎರಡು ಸಂವತ್ಸರಗಳಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ಶಾಂತಸಾಗರದ ನೀರು ಅಂದು ಅತಿಯಾಗಿ ಕಾದಿತ್ತೆಂದು ಇಂದಿನ ವಿಜ್ಞಾನಿಗಳು ಹೇಳುತ್ತಾರೆ. ಅದು ಸತ್ಯವೇ ಇರಬೇಕು. ೧೮೭೧ರ ಜನಗಣತಿಯಲ್ಲಿ ಸುಮಾರು ಐವತ್ತು ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಬಂದಿತ್ತು. ಹುಟ್ಟಿ ಬೆಳೆಯಬೇಕಾಗಿದ್ದವರನ್ನು ಲೆಕ್ಕಕ್ಕೆ ಹಿಡಿಯದೆಯೇ ಇದು.

ಈ ಎಂಟು ಲಕ್ಷವನ್ನು ಪರ್ಜನ್ಯನ ಹೆಸರಿನಲ್ಲಿ ಬರೆದು ಕಡತವನ್ನು ಮುಚ್ಚುವುದು ಸುಲಭ. ಆದರೆ ಆ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಧಾನ್ಯವು ಇಂಗ್ಲೆಂಡಿಗೆ ಹೋಗುವುದು ನಿಲ್ಲಲಿಲ್ಲ. ರಾಜಪ್ರತಿನಿಧಿಯಾಗಿದ್ದ ಲಿಟ್ಟನ್ ಪ್ರಭುವು ಖಾಸಗಿ ಧಾನ್ಯವ್ಯಾಪಾರದಲ್ಲಿ ಕೈಯಿಡುವುದು ಅರ್ಥಶಾಸ್ತ್ರಕ್ಕೆ ವಿರುದ್ಧವೆಂದು ಹಟ ಹಿಡಿದನು. ೧೮೭೭ರ ಜನವರಿ ೧ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ಮಹಾದರ್ಬಾರು ನಡೆದಾಗ ಮದರಾಸು ಮೈಸೂರುಗಳಲ್ಲಿ ಜನರು ದಾರಿಯ ಬದಿಯಲ್ಲಿ ಬೀಳುತ್ತಿದ್ದರು. ಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಅದರ ಮೇಲೆ ಒಂದಾಣೆಯೂ ಸಾಕೆಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ವಿಧಿಸಿದನು. ಬೆಂಗಳೂರಿಗೆ ರೈಲು ೧೮೬೪ರಲ್ಲಿಯೇ ಬಂದಿತ್ತು. ಆ ಕಂಬಿಯ ಮೇಲೆ ಧಾನ್ಯವು ಬಂದಿತು ಕೂಡ. ಆದರೆ ಕಂಬಿಗೆ ಹಸಿವೆಯ ಗುರುತಿಲ್ಲ, ದರದ ಗುರುತು ಮಾತ್ರ ಉಂಟು. ಕೊಳ್ಳಲು ಕಾಸಿಲ್ಲದವನ ಊರಿಗೆ ಅಗ್ಗವಾಗಿಯೂ ತುಟ್ಟಿಯಾಗಿಯೂ ಯಾವ ಧಾನ್ಯವೂ ಹೋಗಲಿಲ್ಲ. ಹಿಂದಿನ ಕಾಲದಲ್ಲಿ ರಾಗಿಯು ಹಗೇವಿನೊಳಗೆ ವರ್ಷಗಟ್ಟಲೆ ಕೆಡದೆ ನಿಲ್ಲುತ್ತಿತ್ತು. ಊರಿನ ಬರಕ್ಕೆ ಊರಿನ ನೆಲವೇ ಉಗ್ರಾಣವಾಗಿತ್ತು. ತಂತಿಯ ಮೇಲೆ ದೂರದ ದರವು ತಿಳಿಯತೊಡಗಿದ ಮೇಲೆ ಆ ಹಗೇವಿನ ಬಾಯಿಯು ಯಾವಾಗ ತೆರೆಯಬೇಕೆಂಬುದನ್ನು ಊರಿನ ಹಸಿವೆಯು ನಿಶ್ಚಯಿಸುವುದು ತಪ್ಪಿತು. ಸರ್ಕಾರವೇ ಬರದ ವಿಚಾರಕ್ಕಾಗಿ ನೇಮಿಸಿದ ಮಂಡಲಿಯು ೧೮೮೦ರಲ್ಲಿ ವರದಿಯನ್ನು ಕೊಟ್ಟಿತು. ಬರಗಾಲದಲ್ಲಿ ಜನರಿಗೆ ಮೊದಲು ತಪ್ಪುವುದು ಕೂಲಿಯೆಂದೂ, ಕೂಲಿ ತಪ್ಪಿದವರು ದೇಶದಲ್ಲಿ ಧಾನ್ಯವಿದ್ದರೂ ಕೊಳ್ಳಲಾರದೆ ಸಾಯುತ್ತಾರೆಂದೂ ಅದು ಒಪ್ಪಿಕೊಂಡಿತು. ಆರೋಪಪಟ್ಟಿಯಲ್ಲಿ ಮಳೆಯ ಹೆಸರಿನ ಪಕ್ಕದಲ್ಲಿ ಬೇರೆ ಹೆಸರುಗಳನ್ನೂ ಬರೆಯುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯು ಬೇಕಾಗಿಲ್ಲ.

೧೯೪೩ರ ಬಂಗಾಳದ ಕ್ಷಾಮದಲ್ಲಿ ಸುಮಾರು ಮೂವತ್ತು ಲಕ್ಷ ಜನರು ಸತ್ತರು. ಹಿಂದಿನ ವರ್ಷದ ಚಂಡಮಾರುತವನ್ನೂ ಭತ್ತದ ರೋಗವನ್ನೂ ಬಹುಕಾಲ ಹೊಣೆ ಮಾಡಲಾಯಿತು. ೧೯೮೧ರಲ್ಲಿ ಅಮರ್ತ್ಯ ಸೇನರು ಆ ವರ್ಷದ ಅಕ್ಕಿಯ ಲಭ್ಯತೆಯು ಕ್ಷಾಮವಿಲ್ಲದ ೧೯೪೧ಕ್ಕಿಂತ ಕಡಿಮೆಯಾಗಿರಲಿಲ್ಲವೆಂದು ಲೆಕ್ಕ ಹಾಕಿ ತೋರಿಸಿದರು. ೨೦೧೯ರಲ್ಲಿ ಗಾಂಧಿನಗರದ ವಿಜ್ಞಾನಿಗಳು ೧೮೭೦ರಿಂದ ಈಚಿನ ಆರು ಮಹಾಕ್ಷಾಮಗಳಲ್ಲಿ ನೆಲದ ತೇವವನ್ನು ಗಣಿಸಿ ನೋಡಿದಾಗ ಐದರಲ್ಲಿ ಅನಾವೃಷ್ಟಿಯ ಗುರುತು ಸಿಕ್ಕಿತು. ಬಂಗಾಳದ್ದರಲ್ಲಿ ಮಾತ್ರ ಸಿಕ್ಕಲಿಲ್ಲ. ಎಪ್ಪತ್ತಾರು ವರ್ಷಗಳ ಅನಂತರ ಆಕಾಶವು ನಿರಪರಾಧಿಯೆಂದು ಬಿಡುಗಡೆ ಹೊಂದಿತು.

ಇಲ್ಲಿ ಒಂದು ವಿಪರ್ಯಾಸವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಭಾರತದ ಹವಾಮಾನ ಇಲಾಖೆಯು ೧೮೭೫ರಲ್ಲಿ ಸ್ಥಾಪಿತವಾಯಿತು. ಮರುವರ್ಷವೇ ಬರವು ಬಂದಿತು. ಅದರ ಮೊದಲ ಮುಖ್ಯಸ್ಥನಾದ ಬ್ಲಾನ್‌ಫರ್ಡನು ಹಿಮಾಲಯದ ಹಿಮವನ್ನು ನೋಡಿ ಮುಂದಣ ಮಳೆಯನ್ನು ಹೇಳಲು ತೊಡಗಿದನು. ೧೯೦೪ರಲ್ಲಿ ಆ ಸ್ಥಾನಕ್ಕೆ ಬಂದ ಗಿಲ್ಬರ್ಟ್ ವಾಕರನು ಲೋಕದ ನಾನಾ ಕಡೆಯ ವಾಯುಭಾರದ ಅಂಕೆಗಳನ್ನು ಗುಮಾಸ್ತರ ಕೈಯಲ್ಲಿ ವರ್ಷಾನುಗಟ್ಟಲೆ ಕೂಡಿಸಿ ಗುಣಿಸಿ, ಶಾಂತಸಾಗರಕ್ಕೂ ಹಿಂದೂಮಹಾಸಾಗರಕ್ಕೂ ನಡುವೆ ತಕ್ಕಡಿಯಂತೆ ತೂಗುವ ಒಂದು ಕ್ರಮವಿದೆಯೆಂದು ಕಂಡುಹಿಡಿದನು. ಎಲ್ ನಿನ್ಯೋ ಎಂದು ಇಂದು ಪತ್ರಿಕೆಯವರೆಲ್ಲರ ಬಾಯಲ್ಲಿರುವುದು ಆ ತಕ್ಕಡಿಯ ಒಂದು ತಟ್ಟೆ. ಕನ್ನಡಿಗರೂ ತಮಿಳರೂ ತೆಲುಗರೂ ಲಕ್ಷಗಟ್ಟಲೆ ಸತ್ತುದರಿಂದ ಪ್ರೇರಿತವಾದ ಈ ವಿದ್ಯೆಯು ಮತ್ತೆ ಅವರು ಸಾಯದಿರಲೆಂದು ಹುಟ್ಟಿದುದು. ಅದರ ಫಲವು ಇಂದು ಮೊದಲು ತಲುಪುವುದು ಎಲ್ಲಿಗೆ? ಷಿಕಾಗೋ ಲಂಡನ್ನುಗಳ ವಾಯಿದೆ ವ್ಯಾಪಾರದ ಮೇಜಿಗೆ. ಸಾಗರದ ನೀರು ಅರ್ಧ ಡಿಗ್ರಿ ಕಾದಿತೆಂಬ ಸುದ್ದಿಗೆ ಅಲ್ಲಿ ಕ್ಷಣಾರ್ಧದಲ್ಲಿ ಗೋಧಿ ಸಕ್ಕರೆಗಳು ಕೈ ಬದಲಾಯಿಸುತ್ತವೆ. ಬಿತ್ತುವವನಿಗೆ ಅದೇ ಸುದ್ದಿಯು ಬೀಜವು ಮಣ್ಣಿಗೆ ಬಿದ್ದ ಮೇಲೆ ತಲುಪುತ್ತದೆ.

ವಾಯಿದೆ ವ್ಯಾಪಾರವು ಬೆಳೆಗಾರನಿಗೂ ರಕ್ಷೆಯಲ್ಲವೆ, ಮುಂದಿನ ಕೊಯ್ಲಿಗೆ ಇಂದೇ ಬೆಲೆ ಕಟ್ಟಿಕೊಳ್ಳಬಹುದಲ್ಲವೆ ಎಂದು ಕೆಲವರು ಕೇಳುತ್ತಾರೆ. ನ್ಯೂಯಾರ್ಕಿನಲ್ಲಿ ಕಾಫಿಯ ಒಂದು ಕರಾರು ೩೭,೫೦೦ ಪೌಂಡು. ಸುಮಾರು ಹದಿನೇಳು ಟನ್ನು. ಐದು ಎಕರೆ ಅರೇಬಿಕಾ ಇರುವವನ ತೋಟವು ಹತ್ತು ವರ್ಷ ಕೊಟ್ಟರೂ ಒಂದು ಕರಾರು ತುಂಬುವುದಿಲ್ಲ. ಭಾರತದ ಕಾಫಿ ಹಿಡುವಳಿಗಳಲ್ಲಿ ಬಹುತೇಕವೆಲ್ಲವೂ ಸಣ್ಣವೇ. ಅವರಿಗೆ ಈ ರಕ್ಷೆಯನ್ನು ತೋರಿಸುವುದು, ಎಟುಕದ ಕೊಂಬೆಗೆ ಕಟ್ಟಿದ ಬುತ್ತಿಯನ್ನು ತೋರಿಸಿದಂತೆ. ನ್ಯಾಯಕ್ಕಾಗಿ ಇಷ್ಟನ್ನು ಹೇಳಬೇಕು: ೨೦೨೫ರ ಫೆಬ್ರವರಿಯಲ್ಲಿ ಬ್ರೆಜಿಲ್ ವಿಯೆಟ್ನಾಮುಗಳ ಬರದಿಂದ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರುಗಳನ್ನು ದಾಟಿದಾಗ ಕೊಡಗು ಚಿಕ್ಕಮಗಳೂರುಗಳ ಬೆಳೆಗಾರರೂ ಬಹುಕಾಲದ ಮೇಲೆ ಒಳ್ಳೆಯ ಬೆಲೆಯನ್ನು ಕಂಡರು. ಆಫ್ರಿಕದ ಕೋಕೋ ಬೆಳೆಗಾರರಿಗೆ ಆ ಭಾಗ್ಯವೂ ಇರಲಿಲ್ಲ. ೨೦೨೩ರ ಅತಿವೃಷ್ಟಿಯಿಂದ ಐವರಿ ಕೋಸ್ಟಿನ ಕಾಯಿಗಳು ಕಪ್ಪುಗಟ್ಟಿ ಕೊಳೆತವು. ೨೦೨೪ರ ಮಾರ್ಚಿನಲ್ಲಿ ಪರದೇಶದ ಪೇಟೆಗಳಲ್ಲಿ ಕೋಕೋ ಟನ್ನಿಗೆ ಹತ್ತು ಸಾವಿರ ಡಾಲರನ್ನು ಮೀರಿತು. ಅದೇ ಸಮಯದಲ್ಲಿ ಬೆಳೆದವನಿಗೆ ಸರ್ಕಾರವು ಕಟ್ಟಿದ್ದ ಬೆಲೆಯು ಕಿಲೋಗ್ರಾಮಿಗೆ ಸಾವಿರ ಫ್ರಾಂಕು, ಎಂದರೆ ಟನ್ನಿಗೆ ಎರಡು ಸಾವಿರ ಡಾಲರಿಗಿಂತಲೂ ಕಡಿಮೆ. ಬೆಳೆಯನ್ನು ಮೊದಲೇ ಮುಂಗಡವಾಗಿ ಮಾರಿಬಿಟ್ಟಿದ್ದರಂತೆ. ಮಳೆಯಲ್ಲಿ ನೆನೆದವನು ಒಬ್ಬ, ಛತ್ರಿಯ ಬಾಡಿಗೆ ಪಡೆದವನು ಇನ್ನೊಬ್ಬ.

ಹಾಗಾದರೆ ಮಾಡಬೇಕಾದುದೇನು? ಇದಕ್ಕೆ ಪರದೇಶದ ಗ್ರಂಥಗಳನ್ನು ಮಗುಚುವ ಮೊದಲು ಮನೆಯ ಗ್ರಂಥವೊಂದನ್ನು ತೆರೆಯಬಹುದು. ಕೌಟಿಲ್ಯನು ಮಳೆಯನ್ನು ಅಳೆಯಲು ಒಂದು ಮೊಳ ಬಾಯಿಯ ಕುಂಡವನ್ನು ಇಡಬೇಕೆಂದು ವಿಧಿಸಿದ್ದಾನೆ. ಒಣನಾಡಿಗೆ ಹದಿನಾರು ದ್ರೋಣ, ಅಶ್ಮಕಕ್ಕೆ ಹದಿಮೂರೂವರೆ, ಅವಂತಿಗೆ ಇಪ್ಪತ್ಮೂರು ಎಂದು ಪ್ರಾಂತಪ್ರಾಂತದ ಲೆಕ್ಕವನ್ನೂ ಕೊಟ್ಟಿದ್ದಾನೆ. ಇದನ್ನು ಎಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ಕುಂಡವನ್ನು ಎಲ್ಲಿ ಇಡಬೇಕೆಂದು ಅವನು ಹೇಳಿದನೆಂಬುದನ್ನು ಮಾತ್ರ ಯಾರೂ ಹೇಳಿಕೊಳ್ಳುವುದಿಲ್ಲ. ಬಯಲಿನಲ್ಲಲ್ಲ, ಜ್ಯೋತಿಷಿಯ ಮನೆಯಲ್ಲಲ್ಲ, ಕೋಷ್ಠಾಗಾರದಲ್ಲಿ. ಮಳೆಯ ಲೆಕ್ಕವೂ ಧಾನ್ಯದ ಲೆಕ್ಕವೂ ಒಂದೇ ಅಂಗಳದಲ್ಲಿ, ಒಬ್ಬ ಅಧಿಕಾರಿಯ ಕಣ್ಣೆದುರಿನಲ್ಲಿ. ಆ ಧಾನ್ಯದಲ್ಲಿ ಅರ್ಧವನ್ನು ಜನಪದದ ಆಪತ್ತಿಗಾಗಿ ತೆಗೆದಿಡಬೇಕು, ಹೊಸದು ಬಂದಂತೆ ಹಳೆಯದನ್ನು ಬದಲಾಯಿಸುತ್ತಿರಬೇಕು. ಸ್ವದೇಶದ ಸರಕಿಗೆ ವರ್ತಕನು ನೂರಕ್ಕೆ ಐದರಷ್ಟು, ಪರದೇಶದ್ದಕ್ಕೆ ಹತ್ತರಷ್ಟು ಮಾತ್ರ ಲಾಭವನ್ನು ಪಡೆಯಬೇಕು. ಒಟ್ಟುಗೂಡಿ ಬೆಲೆಯನ್ನು ಏರಿಸಿದವರಿಗೆ ಸಾವಿರ ಪಣದ ದಂಡವಾಗಬೇಕು. ಇಷ್ಟನ್ನೂ ಹೇಳಿದವನ ಗ್ರಂಥದಿಂದ ಮಳೆಯ ಕುಂಡವೊಂದನ್ನು ಮಾತ್ರ ಎತ್ತಿಕೊಂಡು ಉಗ್ರಾಣದ ಬೀಗದ ಕೈಯನ್ನು ಬಿಟ್ಟುಬರುವುದು ಯಾವ ಬಗೆಯ ಪಾಂಡಿತ್ಯ?

ವರಾಹಮಿಹಿರನ ಬೃಹತ್ಸಂಹಿತೆಯನ್ನು ತೋರಿಸಿ, ಅಲ್ಲಿ ಬೆಲೆಗೂ ಗ್ರಹಗತಿಗೂ ಉತ್ಪಾತಗಳಿಗೂ ಸಂಬಂಧವನ್ನು ಹೇಳಿದೆಯಲ್ಲ ಎಂದು ವಾದಿಸುವವರೂ ಇದ್ದಾರೆ. ಅರ್ಘಕಾಂಡವೆಂಬ ಅಧ್ಯಾಯವು ಅಲ್ಲಿ ಇರುವುದು ಹೌದು. ಅದನ್ನು ಓದಿದವರು ಒಂದನ್ನು ಗಮನಿಸಿರಬಹುದು: ಇಂತಹ ಲಕ್ಷಣವು ಕಂಡಾಗ ಇಂತಹ ಪದಾರ್ಥವನ್ನು ಸಂಗ್ರಹಿಸಿಟ್ಟು ಇಷ್ಟು ತಿಂಗಳು ಕಳೆದ ಮೇಲೆ ಮಾರಿದರೆ ಲಾಭವೆಂದು ಆಚಾರ್ಯನು ಬರೆಯುತ್ತಾನೆ. ಲಕ್ಷಣವು ಆಕಾಶದ್ದು, ಸಂಗ್ರಹಿಸುವ ಕೈಯು ಮಾತ್ರ ನೆಲದ ಮೇಲಣದು. ಆರನೆಯ ಶತಮಾನದ ಜ್ಯೋತಿಷಿಯು ಮುಚ್ಚುಮರೆಯಿಲ್ಲದೆ ಹೇಳಿದುದನ್ನು ಇಂದಿನ ವ್ಯಾಪಾರದ ಪುಟವು ಮರೆಮಾಚುತ್ತದೆ.

ಲೋಕದಲ್ಲಿ ಇಂದು ಮಳೆಯ ಅಂಕೆಗಳಿಗೆ ಬಡತನವಿಲ್ಲ. ಭಾರತದಲ್ಲಿ ದಿನವೂ ಬೆಳಿಗ್ಗೆ ಎಂಟೂವರೆ ಗಂಟೆಗೆ ಸಾವಿರಾರು ಕಡೆಗಳಲ್ಲಿ ಮಳೆಯನ್ನು ಅಳೆದು ಬರೆಯುತ್ತಾರೆ. ಆಕಾಶದಲ್ಲಿ ಉಪಗ್ರಹಗಳು ಎಲೆಯ ಹಸುರನ್ನೂ ಎಣಿಸುತ್ತವೆ. ಬಡತನವಿರುವುದು ದಾಸ್ತಾನಿನ ಅಂಕೆಗಳಿಗೆ. ೨೦೧೧ರಲ್ಲಿ ಇಪ್ಪತ್ತು ದೊಡ್ಡ ದೇಶಗಳು ಸೇರಿ ರೋಮಿನಲ್ಲಿ ಗೋಧಿ, ಮುಸುಕಿನ ಜೋಳ, ಅಕ್ಕಿ, ಸೋಯಾಗಳ ಮಾಹಿತಿಗಾಗಿ ಒಂದು ಏರ್ಪಾಡನ್ನು ಮಾಡಿದವು. ಅಲ್ಲಿಗೆ ಬರುವುದು ದೇಶಗಳು ಕೊಟ್ಟ ಅಂದಾಜು. ಲೋಕದ ಧಾನ್ಯವನ್ನು ಸಾಗಿಸುವ ಕೆಲವೇ ಮಹಾಮಂಡಲಿಗಳ ಕಣಜದಲ್ಲಿ ಇಂದು ಎಷ್ಟಿದೆಯೆಂಬುದು ಅವರ ಗುಟ್ಟು. ಮೋಡದೊಳಗೆ ಎಷ್ಟು ನೀರಿದೆಯೆಂದು ತಿಳಿಯಬಹುದು, ಮೂಟೆಯೊಳಗೆ ಎಷ್ಟು ಗೋಧಿಯಿದೆಯೆಂದು ತಿಳಿಯಬಾರದು! ಈ ಗುಟ್ಟು ಇರುವವರೆಗೆ ಪ್ರತಿಯೊಂದು ಮೋಡವೂ ಒಂದು ವದಂತಿಯಾಗಿಯೇ ಪೇಟೆಗೆ ಬರುವುದು.

ವ್ಯಾಪಾರಿಯ ಉಗ್ರಾಣದ ಲೆಕ್ಕವನ್ನು ಕೇಳುವುದು ಅವನ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದೂ, ಕೇಳಿದರೂ ಅದು ಕಾರ್ಯದಲ್ಲಿ ಅಸಾಧ್ಯವೆಂದೂ ಕಡೆಯ ಆಕ್ಷೇಪ. ಸ್ವಾತಂತ್ರ್ಯದ ಮಾತಿಗೆ ಲಿಟ್ಟನ್ ಪ್ರಭುವಿನ ಕಾಲವೇ ಉತ್ತರ. ಅಸಾಧ್ಯವೆಂಬುದು ಸುಳ್ಳು. ೧೯೫೫ರ ಅವಶ್ಯವಸ್ತುಗಳ ಶಾಸನದ ಬಲದಿಂದ ಭಾರತ ಸರ್ಕಾರವು ೨೦೨೩ರ ಜೂನ್ ತಿಂಗಳಲ್ಲಿ ಗೋಧಿಯ ದಾಸ್ತಾನಿಗೆ ಮಿತಿಯನ್ನು ಕಟ್ಟಿ, ವರ್ತಕರು ತಮ್ಮಲ್ಲಿರುವುದನ್ನು ಶುಕ್ರವಾರ ಶುಕ್ರವಾರಕ್ಕೆ ತಿಳಿಸಬೇಕೆಂದು ಆಜ್ಞೆ ಮಾಡಿತು. ೨೦೨೪ರಲ್ಲಿ ಅಕ್ಕಿಗೂ ಅದೇ ಕ್ರಮವನ್ನು ವಿಧಿಸಿತು. ವರ್ತಕರು ತಿಳಿಸಿದರು, ಯಾವ ಅಂಗಡಿಯೂ ಮುಚ್ಚಲಿಲ್ಲ. ಬೆಲೆ ಕೈಮೀರಿದ ಮೇಲೆ ಹೊರಡಿಸಿದ ಆ ಆಜ್ಞೆಯನ್ನು ವರ್ಷವೆಲ್ಲ ಉಳಿಸಿಕೊಂಡು, ಶುಕ್ರವಾರದ ಆ ಮೊತ್ತವನ್ನು ಶನಿವಾರ ಬೆಳಿಗ್ಗೆ ತಾಲ್ಲೂಕು ತಾಲ್ಲೂಕಿನ ಕಚೇರಿಯ ಬಾಗಿಲಿನಲ್ಲಿ, ಮಳೆಯ ಲೆಕ್ಕದ ಪಕ್ಕದಲ್ಲಿಯೇ, ಕನ್ನಡದ ಅಂಕೆಗಳಲ್ಲಿ ಬರೆದು ಹಾಕುವುದಕ್ಕೆ ಒಬ್ಬ ಗುಮಾಸ್ತನೂ ಒಂದು ಹಲಗೆಯೂ ಸಾಕು.